ಓದುಗರ ಪ್ರಶ್ನೆ, ನಮ್ಮ ಉತ್ತರ: ಬೇರೆ ಹಿನ್ನೆಲೆಯವರ ಜೊತೆ ಸತ್ಯವೇದ ಓದುವಾಗ

ಮನೆಯಲ್ಲಿ ಸೇರಿ ಸತ್ಯವೇದ, ಅಂದರೆ ಬೈಬಲ್, ಓದುವ ಮನೆಕೂಟಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಸಭೆಯವರ (ನಮ್ಮ ಚರ್ಚಿನವರ) ಬಗ್ಗೆ ಅಲ್ಲ. ನೆರೆಮನೆಯವರು, ಆಫೀಸಿನ ಗೆಳೆಯರು, ಬೀಗರು ಜೊತೆಗೆ ಕುಳಿತಾಗ ಏಳುವ ತೊಡಕುಗಳ ಬಗ್ಗೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿದ್ದೇವೆ, ಕೆಲವನ್ನು ಚಿಕ್ಕದು ಮಾಡಿದ್ದೇವೆ.

ಪಕ್ಕದ ಮನೆಯವರು ತಾವಾಗಿಯೇ ‘ನಿಮ್ಮ ಬೈಬಲ್‌ನಲ್ಲಿ ಏನಿದೆ, ಓದಿ ಹೇಳಿ’ ಅಂದರು. ಆದಿಕಾಂಡದಿಂದ ಶುರು ಮಾಡಿದೆವು. ವಿಮೋಚನಕಾಂಡದ ಅರ್ಧಕ್ಕೆ ಉತ್ಸಾಹ ಇಳಿಯಿತು, ಯಾಜಕಕಾಂಡ ಬರುವಷ್ಟರಲ್ಲಿ ಅವರು ಬರುವುದನ್ನೇ ಬಿಟ್ಟರು. ಎಲ್ಲಿಂದ ಆರಂಭಿಸಬೇಕಿತ್ತು? (ಹುಬ್ಬಳ್ಳಿ)

ಮಾರ್ಕನ ಸುವಾರ್ತೆಯಿಂದ. ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು, 16 ಅಧ್ಯಾಯ. ಇಡೀ ಪುಸ್ತಕವನ್ನು ಗಟ್ಟಿಯಾಗಿ ಓದಿದರೂ ಎರಡು ಗಂಟೆಯ ಆಸುಪಾಸು. ಮತ್ತಾಯ ಬೇಡ ಎನ್ನುವುದಕ್ಕೆ ಕಾರಣ ಮೊದಲ ಪುಟದ ವಂಶಾವಳಿ. ಅದರಲ್ಲಿ ತಾಮಾರ, ರಾಹಾಬ, ರೂತ್ ಇರುವುದರ ಸ್ವಾರಸ್ಯ ಹಳೆಯ ಒಡಂಬಡಿಕೆ ಗೊತ್ತಿದ್ದವರಿಗೆ ಮಾತ್ರ ಸಿಗುತ್ತದೆ. ಉಳಿದವರಿಗೆ ಅದು ಬರೀ ಹೆಸರುಗಳ ಪಟ್ಟಿ.

ಎಂಟು ವಾರಕ್ಕೆ ಎಂಟು ಭಾಗ ಸಾಕು (ಮೊದಲ ಅಂಕಿ ಅಧ್ಯಾಯ, ನಂತರದ್ದು ವಚನ): 2:1-12, 4:35-41, 5:21-43, 7:1-23, 8:27-38, 10:17-31, 15:21-39, 16:1-8. ‘ಎಂಟು ವಾರ’ ಎಂದು ಮೊದಲೇ ಹೇಳಿಬಿಡಿ. ಕೊನೆ ಯಾವಾಗ ಎಂದು ತಿಳಿಯದ ಕೂಟಕ್ಕೆ ಒಪ್ಪಿಕೊಳ್ಳಲು ಯಾರಿಗಾದರೂ ಹಿಂಜರಿಕೆ ಆಗುತ್ತದೆ. ಎಂಟು ಮುಗಿದ ಮೇಲೆ ಅವರಿಗೆ ಬೇಕೆನಿಸಿದರೆ ಮುಂದಿನದನ್ನು ಅವರೇ ಕೇಳಲಿ.

ಮೊದಲ ಭಾಗವನ್ನೇ ನೋಡಿ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತರುತ್ತಾರೆ. ಬಾಗಿಲಲ್ಲಿ ಜನ ಕಿಕ್ಕಿರಿದಿದ್ದಾರೆ, ಮಾಳಿಗೆ ಹತ್ತಿ ಅಗೆದು ಅವನನ್ನು ಇಳಿಸುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆಯ ಮಣ್ಣಿನ ಮಾಳಿಗೆಮನೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಮೇಲುಮುದ್ದೆ ಕಿತ್ತರೆ ಎಷ್ಟು ಮಣ್ಣು ಒಳಗೆ ಬೀಳುತ್ತದೆ, ಮಳೆಗಾಲದಲ್ಲಿ ಅದನ್ನು ಮುಚ್ಚುವುದು ಎಷ್ಟು ಕಷ್ಟ ಎಂದು ಅವರೇ ನಿಮಗೆ ಹೇಳುತ್ತಾರೆ. ಅದೇ ಘಟನೆಯನ್ನು ಬರೆದ ಲೂಕ ಹೆಂಚು ತೆಗೆದರು ಎನ್ನುತ್ತಾನೆ (5:19), ಮಲೆನಾಡಿನವರಿಗೆ ಅದು ಹತ್ತಿರ. ಈ ವ್ಯತ್ಯಾಸವನ್ನು ಯಾರಾದರೂ ಹಿಡಿದರೆ ಮುಜುಗರ ಪಡಬೇಡಿ. ಗಮನವಿಟ್ಟು ಓದುತ್ತಿದ್ದಾರೆ ಎಂದರ್ಥ.

ಎರಡು ಎಚ್ಚರಿಕೆ. ಮಾರ್ಕ 7 ಮಡಿ-ಮೈಲಿಗೆಯ ಕುರಿತದ್ದು. ‘ನೋಡಿ, ನಿಮ್ಮ ಮಡಿಯೆಲ್ಲ ಸುಳ್ಳು’ ಎಂದು ಹೇಳುವ ಆಸೆ ಅನೇಕರಿಗೆ ಬರುತ್ತದೆ. ಅಲ್ಲಿ ಯೇಸು ಮಾತಾಡುತ್ತಿರುವುದು ತನ್ನದೇ ಧರ್ಮದ ಹಿರಿಯರ ಹತ್ತಿರ. ಹಾಗಾಗಿ ಮೊದಲು ಚುಚ್ಚಬೇಕಾದದ್ದು ನಮ್ಮನ್ನೇ: ಭಾನುವಾರದ ಬಿಳಿ ಸೀರೆ, ಉಪವಾಸದ ಲೆಕ್ಕ, ಚರ್ಚಿನಲ್ಲೂ ಕುಳಿತುಕೊಂಡಿರುವ ಜಾತಿ. ಇನ್ನೊಂದು, 16:9-20 ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲ. ಹಲವು ಮುದ್ರಣಗಳು ಅಡಿಟಿಪ್ಪಣಿಯಲ್ಲಿ ಇದನ್ನು ತಿಳಿಸುತ್ತವೆ. ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಕಂಪನಿಯ ಐದಾರು ಸಹೋದ್ಯೋಗಿಗಳು ವಾರಕ್ಕೊಮ್ಮೆ ಸೇರುತ್ತೇವೆ. ಇಬ್ಬರು ಮಾತ್ರ ಕ್ರೈಸ್ತರು. ಚರ್ಚೆ ಅಂತ ಶುರುವಾಗಿ ಕೊನೆಗೆ ನಾನೊಬ್ಬನೇ ನಲವತ್ತು ನಿಮಿಷ ಮಾತಾಡಿರುತ್ತೇನೆ. (ಬೆಂಗಳೂರು)

ನಿಮ್ಮ ಗುಂಪಿನ ಲೆಕ್ಕ ಚೆನ್ನಾಗಿದೆ, ಅದನ್ನು ಕೆಡಿಸಬೇಡಿ. ಆರರಿಂದ ಎಂಟು ಜನ, ಅದರಲ್ಲಿ ಕ್ರೈಸ್ತರು ಅರ್ಧಕ್ಕಿಂತ ಕಡಿಮೆ. ಹತ್ತು ದಾಟಿದರೆ ಎರಡು ಗುಂಪು ಮಾಡಿ. ಒಬ್ಬ ಅತಿಥಿಯ ಸುತ್ತ ಏಳು ವಿಶ್ವಾಸಿಗಳು ಕುಳಿತರೆ ಅವರು ಪರೀಕ್ಷೆಗೆ ಕೂತವರ ಹಾಗೆ ಆಗುತ್ತಾರೆ.

ಒಂದು ಗಂಟೆಯನ್ನು ಹೀಗೆ ಹಂಚಿ. ಮೊದಲ ಹತ್ತು ನಿಮಿಷ ಚಹಾ, ಹಾಳುಹರಟೆ. ಆಮೇಲೆ ಓದು, ಎರಡು ಸಲ, ಬೇರೆ ಬೇರೆ ದನಿಯಲ್ಲಿ. ‘ಸುತ್ತಿನಲ್ಲಿ ಒಬ್ಬೊಬ್ಬರು ಒಂದೊಂದು ವಚನ’ ಎನ್ನಬೇಡಿ. ಇಂಗ್ಲಿಷ್ ಮೀಡಿಯಂನವರು ಕನ್ನಡ ಅಕ್ಷರ ಕೂಡಿಸಿ ಓದಲು ಒದ್ದಾಡಿ, ಮುಂದಿನ ವಾರ ಬರುವುದಿಲ್ಲ. ಓದಲು ಯಾರಿಗೆ ಇಷ್ಟ ಎಂದು ಕೇಳಿ. ನಂತರ ಐದು ನಿಮಿಷ ಮೌನವಾಗಿ ಎಲ್ಲರೂ ತಮ್ಮ ಹಾಳೆಯಲ್ಲಿ ಮೂರು ಗುರುತು ಹಾಕಲಿ: ಹೊಸದಾಗಿ ಹೊಳೆದದ್ದಕ್ಕೆ ದೀಪ, ಅರ್ಥವಾಗದ್ದಕ್ಕೆ ಪ್ರಶ್ನಾರ್ಥಕ ಚಿಹ್ನೆ, ‘ಇದು ನನಗೆ ಬಡಿಯಿತು’ ಅನ್ನಿಸಿದ್ದಕ್ಕೆ ಬಾಣ. ಮುಂದಿನ ಮೂವತ್ತು ನಿಮಿಷ ಆ ಗುರುತುಗಳದ್ದೇ ಮಾತು, ಮೊದಲು ಅತಿಥಿಗಳದ್ದು. ಉಳಿದ ಸಮಯ ಮುಂದಿನ ವಾರದ ಸ್ಥಳ, ಯಾರಿಗಾದರೂ ಬೇಕಾದ ಸಹಾಯ, ಒಪ್ಪಿಗೆ ಇದ್ದರೆ ಒಂದು ನಿಮಿಷ ಮೀರದ ಪ್ರಾರ್ಥನೆ. ಕಣ್ಣು ಮುಚ್ಚಿ, ಕೈ ಎತ್ತಿ ಎಂದು ಅತಿಥಿಗೆ ಹೇಳಬೇಡಿ.

ಹಾಳೆ ಎಂದೆವಲ್ಲ, ಅದು ಮುಖ್ಯ. ಆ ದಿನದ ಭಾಗವನ್ನು ಎ-4 ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ, ಎರಡೂ ಬದಿಗೆ ಜಾಗ ಬಿಟ್ಟು ಜೆರಾಕ್ಸ್ ಮಾಡಿಸಿ ಕೊಡಿ. ‘ಮಾರ್ಕ ಎರಡರ ನಾಲ್ಕು’ ಎಂದರೆ ಹೊಸಬರಿಗೆ ಅದು ಪುಟವೋ ಪಾಠವೋ ತಿಳಿಯುವುದಿಲ್ಲ. ಪಕ್ಕದವನು ಕಣ್ಣು ಮುಚ್ಚಿಕೊಂಡೇ ಪುಟ ತಿರುವುತ್ತಿರುವಾಗ ಇವರು ವಿಷಯಸೂಚಿಯಲ್ಲಿ ತಡಕಾಡುತ್ತಿರುತ್ತಾರೆ. ಹಾಳೆಯಿಂದ ಇನ್ನೊಂದು ಲಾಭ, ನೀವು ಬೇರೆ ಪುಸ್ತಕಕ್ಕೆ ಹಾರಲಾರಿರಿ. ರೋಮಾಪುರದವರಿಗೆ ಹೀಗಿದೆ, ಯೆಶಾಯ ಹಾಗೆ ಹೇಳುತ್ತಾನೆ ಎಂದು ಹಾರತೊಡಗಿದ ಕ್ಷಣದಿಂದ ನೀವು ಮಾತ್ರ ಬಲ್ಲವರು, ಉಳಿದವರು ಕೇಳುವವರು. ನಿಮ್ಮ ನಲವತ್ತು ನಿಮಿಷ ಅಲ್ಲಿಂದಲೇ ಹುಟ್ಟುತ್ತಿರಬೇಕು.

ಪ್ರಶ್ನೆ ಕೇಳುವ ಕ್ರಮವನ್ನೂ ನೋಡಿಕೊಳ್ಳಿ. ‘ಇಲ್ಲಿ ಯೇಸು ಕರುಣೆ ತೋರಿಸಿದ, ಅಲ್ವಾ?’ ಎಂದರೆ ‘ಹೂಂ’ ಬಿಟ್ಟರೆ ಇನ್ನೇನೂ ಬರದು. ‘ಮಾಳಿಗೆ ಕಿತ್ತಾಗ ಮನೆ ಯಜಮಾನನಿಗೆ ಏನನ್ನಿಸಿರಬೇಕು?’, ‘ನಡೆಯಲಾರದೆ ಬಂದವನಿಗೆ ಯೇಸು ಮೊದಲು ಪಾಪದ ಮಾತು ಏಕೆ ಎತ್ತಿದ?’ ಎಂದು ಕೇಳಿ ನೋಡಿ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಸಾಮಾನ್ಯವಾಗಿ ಮೂರಕ್ಕೇ ನಾವು ನಮ್ಮ ಪ್ರಶ್ನೆಗೆ ನಾವೇ ಉತ್ತರ ಕೊಟ್ಟುಬಿಡುತ್ತೇವೆ.

ಕರೆಯುವಾಗಲೇ ನೇರವಾಗಿ ಹೇಳಿ: ಇದು ಬೈಬಲ್ ಓದುವ ಗುಂಪು, ನಡೆಸುವವರು ಕ್ರೈಸ್ತರು, ಒಪ್ಪಲೇಬೇಕೆಂದಿಲ್ಲ. ‘ವ್ಯಕ್ತಿತ್ವ ವಿಕಸನ’, ‘ಸ್ಪೋಕನ್ ಇಂಗ್ಲಿಷ್’ ಎಂದು ಕರೆದು ಬೈಬಲ್ ತೆಗೆಯುವುದು ಮೋಸ. ಮೇಲಧಿಕಾರಿಯಾಗಿದ್ದರೆ ನಿಮ್ಮ ಕೈಕೆಳಗಿನವರನ್ನು ಕರೆಯಲೇಬೇಡಿ. ಅವರ ‘ಹೌದು’ಗೆ ಅಪ್ರೈಸಲ್‌ನ ನೆರಳಿರುತ್ತದೆ.

ನಮ್ಮ ಓಣಿಯ ಹಿರಿಯ ಹೆಣ್ಣುಮಕ್ಕಳಿಗೆ ಓದು ಬರುವುದಿಲ್ಲ. ಕೇಳಲು ಇಷ್ಟ. ಏನು ಮಾಡಬಹುದು? (ರಾಯಚೂರು)

ಓದು ಬಾರದವರು ನೆನಪಿನಲ್ಲಿ ನಮಗಿಂತ ಗಟ್ಟಿ. ಹಂತಿಪದ, ಬೀಸುವ ಪದ ಕೇಳಿ ಬೆಳೆದವರು ಒಂದು ಕಥೆಯನ್ನು ಎರಡು ಸಲ ಕೇಳಿದರೆ ಮೂರನೆಯ ಸಲ ತಾವೇ ಹೇಳುತ್ತಾರೆ.

ಮೂರು-ನಾಲ್ಕು ನಿಮಿಷದಲ್ಲಿ ಹೇಳಬಹುದಾದ ಒಂದು ಕಥೆ ಆರಿಸಿ. ಲೂಕ 15ರ ಕಳೆದ ನಾಣ್ಯ, 7:36-50ರ ಹೆಂಗಸು, ಯೋಹಾನ 4ರ ಬಾವಿಕಟ್ಟೆ, ಮಾರ್ಕ 5ರ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದವಳು. ಹೇಳುವಾಗ ಪುಸ್ತಕ ತೊಡೆಯ ಮೇಲೆ ತೆರೆದೇ ಇರಲಿ, ಇದು ನಿಮ್ಮ ಸ್ವಂತ ಕಥೆಯಲ್ಲ ಎಂದು ಗೊತ್ತಾಗಬೇಕು. ಮೊದಲು ಬಾಯಿಮಾತಿನಲ್ಲಿ ಹೇಳಿ, ನಂತರ ಅದೇ ಭಾಗವನ್ನು ಓದಿ. ಆಮೇಲೆ ‘ಅವ್ವ, ಈಗ ನೀವು ಹೇಳ್ರಿ’. ಅವರು ಬಿಟ್ಟದ್ದನ್ನು, ಸೇರಿಸಿದ್ದನ್ನು ಉಳಿದವರೇ ತಿದ್ದಲಿ, ನೀವು ಬಾಯಿ ಹಾಕಬೇಡಿ. ಕಥೆ ಸರಿಯಾಗಿ ನಿಂತ ಮೇಲೆ ನಾಲ್ಕೇ ಪ್ರಶ್ನೆ: ದೇವರ ಬಗ್ಗೆ ಏನು ತಿಳೀತು, ಮನುಷ್ಯರ ಬಗ್ಗೆ ಏನು ತಿಳೀತು, ಈ ವಾರ ನಾವು ಏನು ಮಾಡಬಹುದು, ಇದನ್ನು ಯಾರಿಗೆ ಹೇಳೋಣ.

ರಕ್ತಸ್ರಾವದ ಕಥೆಯಲ್ಲಿ ಒಂದು ಸಂಗತಿ ಅವರಿಗೆ ಬೇಗ ತಟ್ಟುತ್ತದೆ. ಮುಟ್ಟಾದವಳನ್ನು ಮುಟ್ಟಿದವರಿಗೂ ಮೈಲಿಗೆ ಎಂಬ ಕಟ್ಟು ಯಾಜಕಕಾಂಡ 15ರಲ್ಲೂ ಇದೆ, ಎಷ್ಟೋ ಮನೆಗಳಲ್ಲಿ ಈಗಲೂ ಇದೆ. ಈ ಕೂಟದಲ್ಲಿ ಗಂಡಸರು ಇಲ್ಲದಿದ್ದರೆ ಒಳ್ಳೆಯದು.

ಇಲ್ಲಿ ಹಾಳಾಗುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಪಿಯುಸಿ ಓದಿದ ಸೊಸೆ ಎಲ್ಲ ಪ್ರಶ್ನೆಗೂ ತಾನೇ ಉತ್ತರ ಕೊಡುವುದು. ಅವಳಿಗೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಕೊಡಬೇಡಿ, ಅದು ಶಿಕ್ಷೆಯಾಗುತ್ತದೆ. ಓದುವ ಕೆಲಸ ಕೊಡಿ. ಓದುವವರು ಉತ್ತರ ಹೇಳುವಂತಿಲ್ಲ ಎಂದು ನಿಯಮ ಮಾಡಿ. ವಾರದ ನಡುವೆ ಕೇಳಲು ಕನ್ನಡದ ಆಡಿಯೋ ಬೈಬಲ್ ಮೊಬೈಲ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಮುಸ್ಲಿಂ ಗೆಳೆಯನೊಬ್ಬ ‘ಇಂಜೀಲ್ (ಸುವಾರ್ತೆ) ಓದಬೇಕು’ ಅಂದಿದ್ದಾನೆ. ಎಲ್ಲಿ ಎಡವುತ್ತೇನೋ ಎಂಬ ಭಯ. (ಕಲಬುರಗಿ)

ಪುಸ್ತಕವನ್ನು ಹಿಡಿಯುವ ರೀತಿಯಲ್ಲೇ ಮೊದಲು ಎಡವುತ್ತೇವೆ. ಗೀಚು, ಬಣ್ಣದ ಗೆರೆ, ಚರ್ಚಿನ ರಸೀದಿ ತುರುಕಿದ ನಿಮ್ಮ ಬೈಬಲ್ ನಿಮಗೆ ಪ್ರೀತಿಯದ್ದು. ದೇವರ ಗ್ರಂಥವನ್ನು ಬಟ್ಟೆಯಲ್ಲಿ ಸುತ್ತಿ ಎತ್ತರದಲ್ಲಿಡುವ ಮನೆಯಿಂದ ಬಂದವರಿಗೆ ಅದು ಅಗೌರವ. ಹೊಸ ಪ್ರತಿ ತನ್ನಿ, ನೆಲದ ಮೇಲೆ ಇಡಬೇಡಿ, ಅದರ ಮೇಲೆ ಮೊಬೈಲ್, ಚಹಾದ ಲೋಟ ಬೇಡ. ಗುರುತು ಹಾಕುವುದಿದ್ದರೆ ಮೇಲೆ ಹೇಳಿದ ಹಾಳೆಯ ಮೇಲೂ ಬೇಡ, ಬೇರೆ ನೋಟ್‌ಬುಕ್ ಇರಲಿ.

ಸಮಯ: ಶುಕ್ರವಾರ ಮಧ್ಯಾಹ್ನ ಬೇಡ. ರಂಜಾನ್‌ನಲ್ಲಿ ಇಫ್ತಾರ್ ಆದ ಮೇಲೆ ರಾತ್ರಿ ತರಾವೀಹ್ ನಮಾಜ್ ಇರುತ್ತದೆ, ಆ ತಿಂಗಳು ನಿಲ್ಲಿಸಿಬಿಡಿ, ಅವನ ಮನೆಗೆ ಇಫ್ತಾರ್‌ಗೆ ಕರೆದರೆ ಹೋಗಿ. ಗಂಡಸರು ಗಂಡಸರೊಂದಿಗೆ, ಹೆಂಗಸರು ಹೆಂಗಸರೊಂದಿಗೆ. ನಿಮ್ಮ ಮನೆಯಲ್ಲಿ ಊಟವಿದ್ದರೆ ಮಾಂಸ ಹಲಾಲ್ ಅಂಗಡಿಯದಾಗಿರಲಿ, ಇಲ್ಲವೇ ಸಸ್ಯಾಹಾರ.

ಓದು ಎಲ್ಲಿಂದ? ಅವನಿಗೆ ಗೊತ್ತಿರುವ ಹೆಸರುಗಳಿಂದ. ಇಬ್ರಾಹಿಂ (ಆದಿಕಾಂಡ 12, 22), ಮೂಸಾ (ವಿಮೋಚನಕಾಂಡ 3), ದಾವೂದ್ (ಕೀರ್ತನೆ 51), ನಂತರ ಲೂಕ 1 ಮತ್ತು 2. ಕುರಾನಿನ 19ನೆಯ ಸೂರಾದ (ಅಧ್ಯಾಯದ) ಹೆಸರೇ ಮರ್ಯಮ್, ಅಂದರೆ ಮರಿಯ. ಕನ್ಯೆಯಿಂದ ಈಸಾ (ಯೇಸು) ಹುಟ್ಟಿದ್ದನ್ನು ಅವನು ನಂಬುತ್ತಾನೆ. ‘ದೇವರ ಮಗ’ ಎಂಬ ಮಾತು ಅವನ ಕಿವಿಗೆ ಗಂಡು-ಹೆಣ್ಣಿನ ಸಂಬಂಧದಿಂದ ಹುಟ್ಟಿದ ಮಗ ಎಂದು ಕೇಳಿಸಬಹುದು. ನಾವೂ ಹಾಗೆ ನಂಬುವುದಿಲ್ಲ ಎಂದು ಲೂಕ 1:35 ತೋರಿಸಿ ಸ್ಪಷ್ಟವಾಗಿ ಹೇಳಿ, ಅಲ್ಲಿಗೇ ನಿಲ್ಲಿಸಿ. ಶಿಲುಬೆಯ ವಿಷಯದಲ್ಲಿ ನಿಜವಾದ ಭಿನ್ನಾಭಿಪ್ರಾಯ ಇದೆ (ಕುರಾನ್ 4:157). ಅದನ್ನು ಮೊದಲ ದಿನವೇ ಎತ್ತಿಕೊಂಡು ಕುಸ್ತಿಗೆ ಇಳಿಯಬೇಡಿ. ಕಥೆಯ ಓಟದಲ್ಲಿ ಆ ಜಾಗ ತಾನಾಗಿ ಬರುತ್ತದೆ, ಆಗ ಇಬ್ಬರೂ ತಮ್ಮ ನಂಬಿಕೆಯನ್ನು ಹೇಳಿಕೊಳ್ಳಬಹುದು.

‘ಬೈಬಲ್ ತಿದ್ದಿದ್ದಾರೆ’ ಎಂಬ ಮಾತು ಬಂದೇ ಬರುತ್ತದೆ. ಹೇಳಬಹುದಾದದ್ದು ಇಷ್ಟು: 1947ರಲ್ಲಿ ಮೃತ ಸಮುದ್ರದ ಬಳಿ ಕುಮ್ರಾನಿನ ಗುಹೆಯಲ್ಲಿ ಸಿಕ್ಕ ಯೆಶಾಯನ ಸುರುಳಿ, ಅದುವರೆಗೆ ನಮ್ಮ ಕೈಯಲ್ಲಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ಎರಡರ ನಡುವೆ ಕಾಗುಣಿತ, ಪದಗಳ ವ್ಯತ್ಯಾಸ ಇವೆ, ಪುಸ್ತಕ ಅದೇ. ‘ಒಂದಕ್ಷರವೂ ಬದಲಾಗಿಲ್ಲ’ ಎಂದು ಎದೆ ತಟ್ಟಬೇಡಿ. ಅಡಿಟಿಪ್ಪಣಿ ಓದಿದವನೆದುರು ಅದು ನಿಲ್ಲುವುದಿಲ್ಲ.

ಕುರಾನಿನ ಆಯತ್ತುಗಳನ್ನು ಕಿತ್ತು ತಂದು ಬೈಬಲನ್ನು ಸಾಬೀತು ಮಾಡಲು ಹೋಗಬೇಡಿ. ಪ್ರವಾದಿಯವರ ಬಗ್ಗೆ ಹಗುರ ಮಾತು ಅಪ್ಪಿತಪ್ಪಿಯೂ ಬೇಡ. ಅವನು ತನ್ನ ಗ್ರಂಥವನ್ನು ಓದಿ ತೋರಿಸಲು ಬಯಸಿದರೆ ಅಷ್ಟೇ ಹೊತ್ತು ಕೂತು ಕೇಳಿ.

ಶುದ್ಧ ಸಸ್ಯಾಹಾರಿ ಕುಟುಂಬ. ತಪ್ಪಿಹೋದ ಮಗನ ಸಾಮ್ಯ ಓದುವಾಗ ಚೆನ್ನಾಗಿ ಕೇಳುತ್ತಿದ್ದರು. ಕರು ಕೊಯ್ಯುವ ಜಾಗ ಬಂದಾಗ ಎಲ್ಲರ ಮುಖ ಬಾಡಿತು. (ದಾವಣಗೆರೆ)

ಲೂಕ 15:23. ಎಷ್ಟೋ ಕಡೆ ಇದೇ ಜಾಗದಲ್ಲಿ ಮಾತು ನಿಲ್ಲುತ್ತದೆ. ಬಿಟ್ಟು ಓದಬೇಡಿ, ಮುಂದೊಂದು ದಿನ ಅವರೇ ಓದಿದಾಗ ಮುಚ್ಚಿಟ್ಟಿರಿ ಎಂದುಕೊಳ್ಳುತ್ತಾರೆ. ಓದುವ ಮುಂಚೆಯೇ ಒಂದು ವಾಕ್ಯ ಹೇಳಿ: ‘ಇದು ದನ, ಕುರಿ ಸಾಕಿ ಬದುಕುತ್ತಿದ್ದ ಜನರ ಕಥೆ. ಅಲ್ಲಿ ದೊಡ್ಡ ಹಬ್ಬ ಎಂದರೆ ಮಾಂಸದ ಊಟ’. ಓದಿದ ಮೇಲೆ ಅಪ್ಪ ಓಡಿ ಬಂದದ್ದರ ಕಡೆಗೆ ಮಾತು ತಿರುಗಿಸಿ. ಅಪ್ಪ ಇನ್ನೂ ಬದುಕಿರುವಾಗಲೇ ಪಾಲು ಕೇಳುವ ಮಗ, ಊರ ಮುಂದೆ ಮರ್ಯಾದೆ ಕಳೆದುಕೊಂಡ ಮನೆತನ, ಒಳಗೆ ಬರಲೊಲ್ಲದ ಹಿರಿಯ ಮಗ: ಇದನ್ನು ಕರ್ನಾಟಕದ ಯಾವ ಹಳ್ಳಿಗೂ ಬಿಡಿಸಿ ಹೇಳಬೇಕಿಲ್ಲ. ‘ದೇವರ ಕುರಿಮರಿ’, ಯೆಹೂದ್ಯರ ಪಸ್ಕ ಹಬ್ಬದ ಬಲಿ ಇವೆಲ್ಲ ನಂತರಕ್ಕೆ ಇರಲಿ.

ಈ ಕುಟುಂಬ ನಿಮ್ಮ ಮನೆಗೆ ಬಂದಾಗ ಪ್ರತ್ಯೇಕ ಪಾತ್ರೆಯಲ್ಲಿ ಮಾಡಿದ್ದು ಎಂದು ತಿಳಿಸಿ. ಕ್ರಿಸ್ಮಸ್ ತಟ್ಟೆ ಕಳಿಸುವಾಗಲೂ ಅಷ್ಟೇ. ಕೇಕಿನಲ್ಲಿ ಮೊಟ್ಟೆ ಇರುವುದು ಎಲ್ಲರಿಗೂ ಗೊತ್ತು, ಗುಲಾಬಿ ಹೂವಿನ ಅಚ್ಚಿನ ಕುಕ್ಕೀಸ್ ಹಿಟ್ಟಿನಲ್ಲೂ ಸಾಮಾನ್ಯವಾಗಿ ಇರುತ್ತದೆ ಎಂಬುದು ಗೊತ್ತಿರುವುದಿಲ್ಲ. ಚಕ್ಕುಲಿ, ಎಳ್ಳುಂಡೆ, ಹಣ್ಣು ಕಳಿಸಿ.

ಅವರ ಮನೆಯಲ್ಲಿ ಪ್ರಸಾದ ಕೊಟ್ಟರೆ ಏನು ಮಾಡುವುದು? (ಅದೇ ಊರಿನ ಇನ್ನೊಬ್ಬರು)

ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 8ರಿಂದ 10ನೆಯ ಅಧ್ಯಾಯ ನಿಮ್ಮ ಪ್ರಶ್ನೆಗೇ ಬರೆದಂತಿದೆ. ಊಟಕ್ಕೆ ಕರೆದರೆ ಹೋಗು, ಮುಂದಿಟ್ಟದ್ದನ್ನು ವಿಚಾರಿಸದೆ ಉಣ್ಣು. ಇದು ವಿಗ್ರಹಕ್ಕೆ ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ ಹೇಳಿದವನ ಸಲುವಾಗಿ ತಿನ್ನಬೇಡ ಎನ್ನುತ್ತಾನೆ (10:27-29). ಹಬ್ಬದ ಹೋಳಿಗೆ ಊಟ ಒಂದು, ಮಂಗಳಾರತಿಯ ನಂತರ ಕೈಗೆ ಕೊಡುವ ಪ್ರಸಾದ ಇನ್ನೊಂದು ಎಂದು ಹೆಚ್ಚಿನ ಸಭೆಗಳವರು ಬೇರೆ ಮಾಡಿ ನೋಡುತ್ತಾರೆ. ನಿಮ್ಮ ನಿಲುವು ಏನೇ ಇರಲಿ, ಹೋಗುವ ಮುಂಚೆ ತೀರ್ಮಾನಿಸಿಕೊಳ್ಳಿ, ಸ್ನೇಹಿತರಿಗೆ ಏಕಾಂತದಲ್ಲಿ ಮೊದಲೇ ತಿಳಿಸಿ. ‘ಊಟಕ್ಕೆ ಖಂಡಿತ ಬರ್ತೀನಿ, ಪ್ರಸಾದ ಮಾತ್ರ ನಮ್ಮಲ್ಲಿ ತಗೊಳ್ಳಲ್ಲ, ತಪ್ಪು ತಿಳ್ಕೋಬೇಡಿ’ ಎಂದರೆ ಮುಗಿಯಿತು. ಕೈ ಚಾಚಿ ತೆಗೆದುಕೊಂಡು ಗೇಟಿನ ಹೊರಗೆ ಬಿಸಾಡುವವರಿದ್ದಾರೆ. ಅದಕ್ಕಿಂತ ಕೆಟ್ಟ ಸಾಕ್ಷಿ ಬೇರೆ ಇಲ್ಲ.

‘ಯೇಸುವೂ ಒಂದು ಅವತಾರವೇ’, ‘ಕಷ್ಟ ಬರುವುದು ಹಿಂದಿನ ಕರ್ಮದಿಂದ’ ಎಂದು ಹೇಳಿದಾಗ ಉತ್ತರ ಹೊಳೆಯುವುದಿಲ್ಲ. ಒಬ್ಬರು ತಮ್ಮ ದೇವರ ಗೂಡಿನಲ್ಲಿ ಯೇಸುವಿನ ಪಟವನ್ನೂ ಇಟ್ಟಿದ್ದಾರೆ. (ಮೈಸೂರು)

ಒಂದೊಂದಾಗಿ. ಅವತಾರ ಎಂದಾಗ ‘ಹೌದು, ಅದೇ’ ಎಂದರೂ ತಪ್ಪು, ‘ಛೇ, ಇಲ್ಲ’ ಎಂದರೂ ತಪ್ಪು. ಗೀತೆಯ ನಾಲ್ಕನೆಯ ಅಧ್ಯಾಯದ ‘ಸಂಭವಾಮಿ ಯುಗೇ ಯುಗೇ’ ಎಲ್ಲರಿಗೂ ಗೊತ್ತು: ಮತ್ತೆ ಮತ್ತೆ ಬರುವುದು. ಯೋಹಾನ 1:14 ಮತ್ತು ಇಬ್ರಿಯರಿಗೆ 9:26-28 ಹೇಳುವುದು ಒಂದೇ ಸಾರಿ ಬಂದದ್ದನ್ನು, ಅದೂ ದುಷ್ಟರಿಗಾಗಿ ಸಾಯಲು. ಎರಡನ್ನೂ ಪಕ್ಕಪಕ್ಕ ಇಟ್ಟು ‘ಇಲ್ಲಿ ಏನು ಬೇರೆ ಕಾಣುತ್ತದೆ?’ ಎಂದು ಕೇಳಿದರೆ ಅವರೇ ಹೇಳುತ್ತಾರೆ.

ಕರ್ಮದ ಮಾತಿಗೆ ಯೋಹಾನ 9. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳುವುದು ನಮ್ಮ ಜಗಲಿಕಟ್ಟೆಯ ಪ್ರಶ್ನೆಯನ್ನೇ: ಯಾರ ಪಾಪ, ಇವನದೋ ಹೆತ್ತವರದೋ? ಯೇಸು ಎರಡನ್ನೂ ತಳ್ಳಿಹಾಕುತ್ತಾನೆ. ಸಿಲೋವದ ಗೋಪುರ ಬಿದ್ದು 18 ಜನ ಸತ್ತ ಸುದ್ದಿಗೂ (ಲೂಕ 13:4) ಇದೇ ಧಾಟಿ. ಅಂಗವಿಕಲ ಮಗುವಿರುವ ಮನೆಯಲ್ಲಿ ಈ ಭಾಗವನ್ನು ವಾದಕ್ಕಾಗಿ ಬಳಸಬೇಡಿ. ಅಲ್ಲಿ ಅದು ಸಮಾಧಾನದ ಮಾತಾಗಬೇಕು. ‘ನಿಮಗೆ ವಿಶ್ವಾಸ ಕಡಿಮೆ, ಅದಕ್ಕೇ ಗುಣವಾಗಲಿಲ್ಲ’ ಎನ್ನುವ ಕ್ರೈಸ್ತರು ಅದೇ ಹೊರೆಯನ್ನು ಬೇರೆ ಹೆಸರಲ್ಲಿ ಹೊರಿಸುತ್ತಾರೆ. ಮಾತ್ರೆ ನಿಲ್ಲಿಸಿ ಎಂದಂತೂ ಯಾರೂ ಹೇಳಕೂಡದು.

ಪಟದ ವಿಷಯ: ಅದು ಅವರ ಮನೆ, ಅವರ ಗೂಡು. ತೆಗೆಯಿರಿ, ಇಡಿ ಎಂದು ಹೇಳುವ ಅಧಿಕಾರ ನಿಮಗಿಲ್ಲ. ಓದುತ್ತಾ ಹೋಗಿ.

ವಚನಗಳನ್ನೋ ದಾಸರ ಪದಗಳನ್ನೋ ಉಲ್ಲೇಖಿಸಬಹುದೇ ಎಂದೂ ಕೇಳಿದ್ದೀರಿ. ಅಥೇನೆಯಲ್ಲಿ (ಗ್ರೀಸಿನ ಅಥೆನ್ಸ್) ಪೌಲ ಮೊದಲು ಊರು ಸುತ್ತಿ ನೋಡಿದ, ನಂತರ ಅವರದೇ ಕವಿಯ ಸಾಲು ಹೇಳಿದ (ಅಪೊಸ್ತಲರ ಕೃತ್ಯಗಳು 17:23, 28). ಆದರೆ ಆ ಕವಿಯನ್ನು ಕ್ರೈಸ್ತನನ್ನಾಗಿ ಮಾಡಲಿಲ್ಲ. ಪೂರ್ತಿ ವಚನ, ಅಂಕಿತ, ಅದರ ಅರ್ಥ ತಿಳಿದಿದ್ದರೆ ಮಾತ್ರ ಹೇಳಿ. ಬಸವಣ್ಣನನ್ನು ಮನೆಯವನೆಂದು ಬಲ್ಲವರ ಎದುರು ಅರ್ಧ ವಚನ ಹೇಳಿ ಅದಕ್ಕೆ ಕ್ರಿಸ್ತನನ್ನು ಕಟ್ಟಿದರೆ ಅವರು ನಕ್ಕು ಸುಮ್ಮನಾಗುತ್ತಾರೆ, ಆಮೇಲೆ ನಿಮ್ಮ ಬೇರೆ ಮಾತಿಗೂ ಬೆಲೆ ಇರುವುದಿಲ್ಲ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಥೋಲಿಕರೂ ಸಿ.ಎಸ್.ಐ.ನವರೂ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರಾಟೆಸ್ಟಂಟ್ ಸಭೆಯವರು) ಸೇರಿ ಓದುತ್ತೇವೆ. ಹೆಜ್ಜೆಹೆಜ್ಜೆಗೂ ಗೊಂದಲ. (ಮಂಗಳೂರು)

ಮೊದಲು ಪುಸ್ತಕಗಳ ಲೆಕ್ಕ: ಕಥೋಲಿಕರಲ್ಲಿ 73, ಪ್ರಾಟೆಸ್ಟಂಟರಲ್ಲಿ 66. ಹೆಚ್ಚಿನ ಏಳೂ ಹಳೆಯ ಒಡಂಬಡಿಕೆಯವು, ಹಾಗಾಗಿ ಸುವಾರ್ತೆ ಓದುವಾಗ ಜಗಳಕ್ಕೆ ಕಾರಣವಿಲ್ಲ. ಒಬ್ಬರ ಶುಭಸಂದೇಶ ಇನ್ನೊಬ್ಬರ ಸುವಾರ್ತೆ. ಪ್ರೇಷಿತರು ಎಂದರೆ ಅಪೊಸ್ತಲರು. ಯೊವಾನ್ನ, ಯೋಹಾನ ಒಬ್ಬನೇ. ಕಥೋಲಿಕರ ಪುಸ್ತಕದಲ್ಲಿ ಸರ್ವೇಶ್ವರ ಎಂದಿರುವಲ್ಲಿ ಸಿ.ಎಸ್.ಐ.ನವರ ಪುಸ್ತಕದಲ್ಲಿ ಯೆಹೋವ ಎಂದಿರುತ್ತದೆ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ.

ಆಜ್ಞೆಗಳನ್ನು ಸಂಖ್ಯೆಯಿಂದ ಕರೆಯಬೇಡಿ. ‘ಆರನೆಯ ಆಜ್ಞೆ’ ಎಂದರೆ ಕಥೋಲಿಕರಿಗೆ ವ್ಯಭಿಚಾರ, ಸಿ.ಎಸ್.ಐ.ನವರಿಗೆ ಕೊಲೆ. ವಿಮೋಚನಕಾಂಡ 20:13 ಎಂದೋ 20:14 ಎಂದೋ ಹೇಳಿ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳುವಾಗ ‘ರಾಜ್ಯವೂ ಬಲವೂ ಮಹಿಮೆಯೂ’ ಎಂಬ ಕೊನೆಯ ಸಾಲಿನಲ್ಲಿ ಅರ್ಧ ಜನ ನಿಲ್ಲಿಸಿ ಅರ್ಧ ಜನ ಮುಂದುವರಿಯುತ್ತಾರೆ. ಸೇರಿಸುವುದೋ ಬಿಡುವುದೋ ಮೊದಲೇ ಮಾತಾಡಿಕೊಳ್ಳಿ. ಮರಿಯಮ್ಮ, ಪೋಪ್, ಶುದ್ಧೀಕರಣಸ್ಥಳ ಈ ಎಂಟು ವಾರಕ್ಕೆ ಬೇಡ.

ಈಗಿನ ವಾತಾವರಣದಲ್ಲಿ ಮನೆಯಲ್ಲಿ ಬೈಬಲ್ ಓದಿದರೂ ಕೇಸು ಆಗುತ್ತದೆಯೇ? (ಚಿಕ್ಕಮಗಳೂರು)

ಸಂವಿಧಾನದ 25ನೆಯ ವಿಧಿ ಧರ್ಮವನ್ನು ನಂಬಲು, ಆಚರಿಸಲು, ಪ್ರಚಾರ ಮಾಡಲು ಹಕ್ಕು ಕೊಡುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. ಪ್ರಚಾರದ ಹಕ್ಕು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಕರ್ನಾಟಕದಲ್ಲಿ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಂತು. ಜೊತೆಗೆ ಕೂತು ಓದುವುದನ್ನು ಅದು ಅಪರಾಧ ಎನ್ನುವುದಿಲ್ಲ. ಬಲವಂತ, ವಂಚನೆ, ಅನುಚಿತ ಪ್ರಭಾವ, ಆಮಿಷ, ಮದುವೆಯ ಭರವಸೆಯಿಂದ ಮಾಡುವ ಮತಾಂತರವನ್ನು ಅಪರಾಧ ಎನ್ನುತ್ತದೆ. ‘ಆಮಿಷ’ದ ವ್ಯಾಖ್ಯಾನ ಬಹಳ ಅಗಲ: ಉಡುಗೊರೆ, ಹಣ, ಕೆಲಸ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ, ದೇವರ ಕೋಪದ ಹೆದರಿಕೆ, ಒಂದು ಧರ್ಮವನ್ನು ಹೀಗಳೆದು ಇನ್ನೊಂದನ್ನು ಹೊಗಳುವುದು, ಎಲ್ಲವೂ ಸೇರಿವೆ. ಜಾಮೀನುರಹಿತ ಅಪರಾಧ, ಮೂರರಿಂದ ಐದು ವರ್ಷ ಸೆರೆ. ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರ ವಿಷಯದಲ್ಲಿ ಹತ್ತು ವರ್ಷದವರೆಗೆ. ಮತಾಂತರವಾಗುವವರೂ ಮಾಡಿಸುವವರೂ 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ತಪ್ಪು ಮಾಡಿಲ್ಲ ಎಂದು ತೋರಿಸುವ ಹೊಣೆ ಆರೋಪಿಯ ಮೇಲೆ. ಇದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಸಂಪುಟದ ತೀರ್ಮಾನವೊಂದರಿಂದಲೇ ಕಾನೂನು ರದ್ದಾಗುವುದಿಲ್ಲ. ದೀಕ್ಷಾಸ್ನಾನದ ಮಾತು ಬಂದರೆ ಮೊದಲು ವಕೀಲರ ಹತ್ತಿರ ಈಗಿನ ಸ್ಥಿತಿ ಕೇಳಿ.

ಕಾನೂನು ಇರಲಿ ಬಿಡಲಿ, ನಮ್ಮ ಸಲಹೆ ಒಂದೇ. ಓದುವ ಜಾಗದಲ್ಲಿ ರೇಷನ್ ಕಿಟ್, ಸ್ಕೂಲ್ ಫೀಸು, ಕೆಲಸದ ಶಿಫಾರಸು ಇರಕೂಡದು. ಕಷ್ಟದಲ್ಲಿರುವವರಿಗೆ ಸಹಾಯ ಮಾಡಿ, ಕೂಟಕ್ಕೆ ಬರದವರಿಗೂ ಅಷ್ಟೇ ಮಾಡಿ. ಅಕ್ಕಿ ತೆಗೆದುಕೊಂಡವರು ಮುಂದಿನ ವಾರ ‘ಬರಲ್ಲ’ ಎಂದು ಹೇಳಲಾರರು. ಅವರ ಮೌನವನ್ನು ನಾವು ವಿಶ್ವಾಸ ಎಂದು ಓದಿಕೊಳ್ಳುತ್ತೇವೆ. ಪರಿಶಿಷ್ಟ ಜಾತಿಯವರಿಗೆ ಇನ್ನೊಂದನ್ನೂ ಮುಚ್ಚಿಡದೆ ಹೇಳಬೇಕು: 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಆ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಮಗಳ ಹಾಸ್ಟೆಲ್ ಸೀಟು ಹೋದ ಮೇಲೆ ಗೊತ್ತಾಗುವ ಸಂಗತಿ ಇದಾಗಬಾರದು.

ಚುಟುಕಾಗಿ

*ಯಾವ ಕನ್ನಡ ಬೈಬಲ್ ಉಡುಗೊರೆ ಕೊಡಲಿ? (ತುಮಕೂರು)* ಇಡೀ ಬೈಬಲ್ ಬೇಡ, ಒಂದು ಸುವಾರ್ತೆಯ ಕಿರುಪುಸ್ತಕ ಸಾಕು, ಅದೂ ಕೇಳಿದವರಿಗೆ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ 1831ರಲ್ಲಿ ಪೂರ್ಣ ಕನ್ನಡ ಬೈಬಲ್ ಬಂದಾಗಿನಿಂದ ಅನುವಾದ ಹಲವು ಸಲ ಬದಲಾಗಿದೆ. ಸಭೆಯಲ್ಲಿ ಓದುವ ‘ಸತ್ಯವೇದವು’ ನಿಮ್ಮ ಕಿವಿಗೆ ಹಿತ, ಹೊಸಬರಿಗೆ ಬಿಗಿ. ಸರಳ ಕನ್ನಡದ ‘ಪರಿಶುದ್ಧ ಬೈಬಲ್’ ಅಥವಾ ಸಮಕಾಲಿಕ ಅನುವಾದ ಕೊಡಿ. ಕೊಡುವ ಮುಂಚೆ ಒಂದು ಪುಟ ಗಟ್ಟಿಯಾಗಿ ಓದಿ ನೋಡಿ.

*ರಜೆಯ ವಿ.ಬಿ.ಎಸ್.ಗೆ (ಮಕ್ಕಳ ವೆಕೇಷನ್ ಬೈಬಲ್ ಸ್ಕೂಲ್) ಬೇರೆ ಮನೆಯ ಮಕ್ಕಳೂ ಬರುತ್ತಾರೆ. (ಕೋಲಾರ)* ತಂದೆ-ತಾಯಿಯ ಸಹಿಯಿರುವ ಪತ್ರ ಇಲ್ಲದೆ ಒಂದು ಮಗುವನ್ನೂ ಸೇರಿಸಬೇಡಿ. ಪತ್ರದಲ್ಲಿ ‘ಬೈಬಲ್ ಕಥೆ, ಹಾಡು, ಪ್ರಾರ್ಥನೆ ಇರುತ್ತದೆ’ ಎಂದು ಬರೆದಿರಲಿ, ಬರೀ ‘ಬೇಸಿಗೆ ಶಿಬಿರ’ ಸಾಲದು. ಹೆತ್ತವರು ಯಾವಾಗ ಬೇಕಾದರೂ ಬಂದು ಕೂರುವಂತಿರಲಿ.

*ಗುಂಪಿನ ಪ್ರಾರ್ಥನೆ ಕೋರಿಕೆಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕಬಹುದೇ? (ಉಡುಪಿ)* ಹೆಸರು, ಕಾಯಿಲೆ, ಗಂಡ-ಹೆಂಡಿರ ಜಗಳ ಯಾವುದೂ ಬೇಡ. ಪ್ರಾರ್ಥನೆಯ ಹೆಸರಿನಲ್ಲಿ ಊರಿಡೀ ಸುದ್ದಿಯಾಗುತ್ತದೆ. ಅತಿಥಿಗಳ ಫೋಟೋ ಅಂತೂ ಹಾಕಲೇಬೇಡಿ. ಅವರ ಮನೆಯವರಿಗೆ ಯಾರು ಏನೆಂದು ಫಾರ್ವರ್ಡ್ ಮಾಡುತ್ತಾರೋ ತಿಳಿಯದು.

*ಹಾಡು ಬೇಕೇ? (ಹಾಸನ)* ಹಾಡದಿದ್ದರೆ ನಷ್ಟವಿಲ್ಲ. ಹಾಡುವುದಾದರೆ ಮೈಕ್, ಡ್ರಮ್ ಇಲ್ಲದೆ ಒಂದೇ ಹಾಡು, ರಾತ್ರಿ ಒಂಬತ್ತರೊಳಗೆ. ಸಾಲು ಬರೆದು ಕೊಡಿ. ‘ನೀವೂ ಹಾಡಿ’ ಎನ್ನಬೇಡಿ, ಹಾಡಬೇಕೆನಿಸಿದವರು ಹಾಡುತ್ತಾರೆ.